ಆದಿ ಚರಿತ್ರಕಾರರು: ಕನ್ನಡ ನಾಡಿನಲ್ಲಿ, ಯವನ ದೇಶದಲ್ಲಿ

ಒಂದು ನಾಡಿನಲ್ಲಿ ನಡೆದುಹೋದ ಸಂಗತಿಗಳನ್ನು, ಅರಸುಮನೆತನಗಳ ವಂಶಾವಳಿಯನ್ನು, ಊರುಕೇರಿಗಳ ಹುಟ್ಟನ್ನು ಮೊತ್ತಮೊದಲು ಬರೆಹಕ್ಕೆ ತಂದವರನ್ನು ಆದಿ ಚರಿತ್ರಕಾರರೆಂದು ಕರೆಯುವುದು ವಾಡಿಕೆ. ಪರರ ಹುಟ್ಟುಸಾವುಗಳನ್ನೂ ಗೆಲವುಸೋಲುಗಳನ್ನೂ ಲೆಕ್ಕವಿಟ್ಟ ಈ ಜನ ತಮ್ಮ ವಿಷಯವಾಗಿ ಹೇಳಿಕೊಂಡುದು ತೀರ ಕಡಮೆ. ಇವರಲ್ಲಿ ಹಲವರ ಗ್ರಂಥಗಳು ಅಳಿದು ಹೆಸರುಗಳಷ್ಟೇ ಉಳಿದಿವೆ; ಕೆಲವರ ಬರೆಹ ಉಳಿದು ಬಾಳು ಮರೆಯಾಗಿದೆ; ಇನ್ನು ಕೆಲವೆಡೆ ಹೆಸರು ಒಬ್ಬನದೋ ಇಬ್ಬರದೋ ಎಂಬುದೇ ಚರ್ಚೆಯ ವಿಷಯವಾಗಿದೆ. ಗ್ರೀಸಿನಲ್ಲಿ ಹೆರೊಡೋಟಸನಿಗಿಂತ ಹಿಂದಿನವರೂ ಅವನ ಸಮಕಾಲೀನರೂ ಆದ ಗದ್ಯಲೇಖಕರ ಸ್ಥಿತಿ ಇದು. ಕನ್ನಡ ನಾಡಿನಲ್ಲಿ ತಾಳಗುಂದದ ಕುಬ್ಜ, ಐಹೊಳೆಯ ರವಿಕೀರ್ತಿ, ಕವಿರಾಜಮಾರ್ಗದಲ್ಲಿ ಹೆಸರುಗೊಂಡ ಗದ್ಯಕಾರರು ಮೊದಲಾದವರ ಸ್ಥಿತಿಯೂ ಇದೇ. ಹೀಗಿದ್ದರೂ ಇವರನ್ನು ಬಿಟ್ಟು ಪ್ರಾಚೀನ ಕಾಲಗಣನೆ ಒಂದು ಹೆಜ್ಜೆಯೂ ಮುಂದೆ ಸಾಗದು. ತಮ್ಮ ಬಾಳನ್ನು ತಿಳಿಸದೆ ಹೋದವರೇ ಇತರರ ಕಾಲವನ್ನು ಅಳೆಯುವ ಕೋಲಾಗಿದ್ದಾರೆ. ಈ ಲೇಖಕರ ಪರಿಚಯ, ಇವರ ಜೀವಿತವನ್ನು ಕುರಿತ ಸಾಕ್ಷ್ಯಗಳ ಸ್ವರೂಪ ಮತ್ತು ಆ ಸಾಕ್ಷ್ಯಗಳನ್ನು ತೂಗುವ ಕ್ರಮ, ಈ ಮೂರೂ ಇಲ್ಲಿ ಪ್ರಸ್ತುತ ವಿಷಯ.

ಯವನ ದೇಶದ ದೃಷ್ಟಾಂತ

ಕ್ರಿ. ಪೂ. ಒಂದನೆಯ ಶತಮಾನದ ಕೊನೆಯ ಭಾಗದಲ್ಲಿ ರೋಮಿನಲ್ಲಿ ನೆಲಸಿ ಅಲಂಕಾರಶಾಸ್ತ್ರವನ್ನು ಬೋಧಿಸುತ್ತಿದ್ದ ಹ್ಯಾಲಿಕಾರ್ನಾಸಸಿನ ಡಯೋನಿಸಿಯಸ್, ಥೂಸಿಡಿಡೀಸನನ್ನು ಕುರಿತ ತನ್ನ ಪ್ರಬಂಧದಲ್ಲಿ, ಆ ಮಹಾಲೇಖಕನಿಗಿಂತ ಹಿಂದಿನ ಚರಿತ್ರಕಾರರ ಪಟ್ಟಿಯೊಂದನ್ನು ಕೊಟ್ಟಿದ್ದಾನೆ. ಸೇಮೋಸಿನ ಯೂಜಿಯೋನ್, ಪ್ರೊಕೊನೆಸಸಿನ ಡೀಯೊಕಸ್, ಪೇರೋಸಿನ ಯೂಡೀಮಸ್, ಮಿಲೇಟಸಿನ ಹೆಕಟೀಯಸ್, ಆರ್ಗೋಸಿನ ಅಕುಸಿಲಾವಸ್, ಲ್ಯಾಂಪ್ಸಕಸಿನ ಕ್ಯಾರನ್ ಮೊದಲಾದವರು ಮೊದಲಿನ ತಲೆಮಾರಿನವರು. ಲೆಸ್ಬೋಸಿನ ಹೆಲ್ಲಾನಿಕಸ್, ಸೈಜಿಯಮ್ಮಿನ ಡಮಾಸ್ಟಿಸ್, ಲಿಡಿಯದ ಕ್ಸಾಂಥಸ್ ಮೊದಲಾದವರು ತುಸು ಈಚಿನವರು. ಇವರಲ್ಲಿ ಒಬ್ಬನ ಗ್ರಂಥವೂ ಇಡಿಯಾಗಿ ನಮ್ಮ ಕೈಸೇರಿಲ್ಲ. ನಿಘಂಟುಕಾರರು, ವ್ಯಾಖ್ಯಾನಕಾರರು, ಭೂಗೋಳದ ಕೋಶಕಾರರು ಅಲ್ಲಲ್ಲಿ ಉದ್ಧರಿಸಿದ ತುಣುಕುಗಳೇ ಇವರ ಆಸ್ತಿ.

ಈ ಗುಂಪಿನಲ್ಲಿ ಹೆಕಟೀಯಸನೊಬ್ಬನ ಬಾಳು ಕೊಂಚ ಸ್ಪಷ್ಟವಾಗಿದೆ. ಅದಕ್ಕೆ ಕಾರಣ ಹೆರೊಡೋಟಸ್ ಅವನನ್ನು ತನ್ನ ಕಥನದೊಳಗೆ ಪಾತ್ರವಾಗಿ ನಿಲ್ಲಿಸಿರುವುದು. ಕ್ರಿ. ಪೂ. 499ರಲ್ಲಿ ಅಯೋನಿಯದ ನಗರಗಳು ಪಾರಸಿಕ ಚಕ್ರವರ್ತಿಯ ಮೇಲೆ ಬಂಡೇಳುವ ಮುನ್ನ, ಚಕ್ರವರ್ತಿಗೆ ಅಧೀನವಾದ ಜನಾಂಗಗಳನ್ನೆಲ್ಲ ಎಣಿಸಿ ತೋರಿಸಿ ಬಂಡಾಯ ಬೇಡವೆಂದು ಅವನು ಬುದ್ಧಿ ಹೇಳಿದನು. ಈಜಿಪ್ಟಿನ ಥೀಬ್ಸಿನಲ್ಲಿ ತನ್ನ ಹದಿನಾರನೆಯ ಪೂರ್ವಜನು ದೇವರೆಂದು ಹೇಳಿಕೊಂಡ ಈತನಿಗೆ ಅಲ್ಲಿಯ ಪೂಜಾರಿಗಳು ತಂದೆಯಿಂದ ಮಗನಿಗೆ ಸಾಗಿಬಂದ 345 ಅರ್ಚಕರ ಮರದ ಪ್ರತಿಮೆಗಳನ್ನು ಸಾಲಾಗಿ ತೋರಿಸಿ, ಇವರಲ್ಲಿ ಒಬ್ಬನೂ ದೇವರ ಮಗನಲ್ಲವೆಂದರಂತೆ. ಆದರೆ ಹೆಕಟೀಯಸ್ ಹುಟ್ಟಿದ ವರ್ಷವಾಗಲಿ ತೀರಿಕೊಂಡ ವರ್ಷವಾಗಲಿ ಎಲ್ಲಿಯೂ ದಾಖಲಾಗಿಲ್ಲ.

ಹೆಲ್ಲಾನಿಕಸನ ವಿಷಯದಲ್ಲಿ ಇದಕ್ಕೆ ವಿರುದ್ಧವಾದ ತೊಡಕು: ಅವನಿಗೆ ತೇದಿಗಳು ಹೆಚ್ಚಾಗಿವೆ, ಅವು ಒಂದಕ್ಕೊಂದು ಹೊಂದುವುದಿಲ್ಲ. ಪ್ಯಾಂಫಿಲ ಎಂಬ ವಿದುಷಿ, ಕ್ರಿ. ಪೂ. 431ರಲ್ಲಿ ಪೆಲೊಪೊನೀಸಿಯದ ಯುದ್ಧ ಆರಂಭವಾದಾಗ ಹೆಲ್ಲಾನಿಕಸನಿಗೆ 65, ಹೆರೊಡೋಟಸನಿಗೆ 53, ಥೂಸಿಡಿಡೀಸನಿಗೆ 40 ವಯಸ್ಸೆಂದು ಬರೆದಳು. ಈ ಲೆಕ್ಕದಂತೆ ಅವನು ಹುಟ್ಟಿದ್ದು ಕ್ರಿ. ಪೂ. 496ರಲ್ಲಿ. ಸಲಾಮಿಸಿನ ಕಡಲಕಾಳಗ ನಡೆದ ದಿನವೇ, ಎಂದರೆ ಕ್ರಿ. ಪೂ. 480ರಲ್ಲಿ, ಅವನು ಹುಟ್ಟಿದನೆಂದು ಮತ್ತೊಂದು ಐತಿಹ್ಯ. ಅವನ ಆಥೆನ್ಸಿನ ಚರಿತ್ರೆಯಿಂದ ಉಳಿದ ತುಣುಕುಗಳಾದರೋ ಕ್ರಿ. ಪೂ. 407-406ರ ಸಂಗತಿಗಳನ್ನು ಹೇಳುತ್ತವೆ. ಮೊದಲನೆಯ ಲೆಕ್ಕವನ್ನು ನಂಬಿದರೆ ತೊಂಬತ್ತರ ಅಂಚಿನ ಮುದುಕನು ಅವನ್ನು ಬರೆದನೆಂದು ಒಪ್ಪಬೇಕಾಗುತ್ತದೆ. ಪ್ಯಾಂಫಿಲಳ ಎಣಿಕೆಯಲ್ಲಿ ಥೂಸಿಡಿಡೀಸನಿಗೆ ಸರಿಯಾಗಿ ನಲವತ್ತು ವರ್ಷ ಬಂದಿರುವುದನ್ನು ಗಮನಿಸಬೇಕು. ಒಬ್ಬನ ಜನ್ಮವರ್ಷ ತಿಳಿಯದಿದ್ದಾಗ, ಅವನ ಕಾಲದ ಪ್ರಸಿದ್ಧ ಘಟನೆಯೊಂದನ್ನು ಹಿಡಿದು, ಆಗ ಅವನು ನಲವತ್ತರ ಪ್ರೌಢಿಯಲ್ಲಿದ್ದನೆಂದು ಭಾವಿಸಿ ಹಿಂದಕ್ಕೆ ಎಣಿಸುವುದು ಪ್ರಾಚೀನ ಗ್ರೀಕ್ ಕಾಲಗಣಕರ ರೂಢಿಯಾಗಿತ್ತು. ಇಂಥ ವರ್ಷಗಳು ದಾಖಲೆಗಳಂತೆ ಕಂಡರೂ ಅವುಗಳ ಹುಟ್ಟು ಊಹೆಯಲ್ಲಿ.

ಹೆಸರಿನ ಗೊಂದಲಕ್ಕೆ ಫೆರೆಕೈಡೀಸ್ ಉದಾಹರಣೆ. ಹತ್ತನೆಯ ಶತಮಾನದಲ್ಲಿ ಬೈಜಾಂಟಿಯಮ್ಮಿನಲ್ಲಿ ಸಿದ್ಧವಾದ ಸುಡಾ ಎಂಬ ಮಹಾಕೋಶವು ಸಿರೋಸ್, ಆಥೆನ್ಸ್, ಲೆರೋಸ್ ಎಂಬ ಮೂರು ಊರುಗಳಿಗೆ ಮೂವರು ಫೆರೆಕೈಡೀಸರನ್ನು ಹಂಚಿತು. ಕೊನೆಯ ಇಬ್ಬರು ಒಬ್ಬನೇ ಎಂದು ಆಧುನಿಕ ವಿದ್ವಾಂಸನಾದ ಫೀಲಿಕ್ಸ್ ಯಾಕೋಬಿ ವಾದಿಸಿದನು. ಮಿಲೇಟಸಿನ ಕ್ಯಾಡ್ಮಸನೇ ಮೊದಲ ಚರಿತ್ರಕಾರನೆಂಬ ಮಾತು ಹಿಂದಿನಿಂದ ಹರಿದುಬಂದಿದ್ದರೂ ಅವನ ಹೆಸರಿನಲ್ಲಿ ನಡೆಯುತ್ತಿದ್ದ ಗ್ರಂಥಗಳನ್ನು ಎಲ್ಲರೂ ಒಪ್ಪುವುದಿಲ್ಲವೆಂದು ಡಯೋನಿಸಿಯಸನೇ ಎಚ್ಚರಿಸಿದ್ದಾನೆ. ಪಾರಸಿಕ ಚಕ್ರವರ್ತಿ ದಾರಿಯವಷನ ಆಜ್ಞೆಯಂತೆ ಸಿಂಧೂನದಿಯ ಗುಂಟ ಇಳಿದು ಕಡಲು ಸೇರಿ ಮೂವತ್ತನೆಯ ತಿಂಗಳಲ್ಲಿ ಈಜಿಪ್ಟನ್ನು ಮುಟ್ಟಿದ ಸ್ಕೈಲಾಕ್ಸನ ಹೆಸರು ಭಾರತೀಯರಿಗೆ ವಿಶೇಷ ಆಸಕ್ತಿಯದು. ಇಂದು ಅವನ ಹೆಸರಿನಲ್ಲಿ ದೊರೆಯುವ ಕಡಲದಾರಿಯ ಕೈಪಿಡಿ ಕ್ರಿ. ಪೂ. ನಾಲ್ಕನೆಯ ಶತಮಾನದ್ದಾದುದರಿಂದ ಅದು ಅವನ ಕೃತಿಯಾಗಿರಲಾರದು.

ಘಾಟ್ಕೋಪರಿನ ಆಸುಪಾಸಿನ ಸಾಕ್ಷ್ಯ

ಯವನರ ಮತ್ತು ಕನ್ನಡದ ಈ ಎರಡು ಪರಂಪರೆಗಳೂ ಸಮೀಪಿಸುವ ಸ್ಥಳಗಳು ಮುಂಬಯಿಯ ಉಪನಗರವಾದ ಘಾಟ್ಕೋಪರಿನ ಸುತ್ತಲೇ ಇವೆ. ಥಾಣೆಯ ಖಾಡಿಗೂ ಗುಡ್ಡಗಳ ಸಾಲಿಗೂ ನಡುವಣ ಈ ನೆಲ, ಶಿಲಾಹಾರರ ಶಾಸನಗಳಲ್ಲಿ ಷಟ್ಷಷ್ಟಿಯೆಂದು ಕರೆಸಿಕೊಂಡ ಸಾಷ್ಟೀ ದ್ವೀಪದ ಪೂರ್ವದ ಅಂಚು. ಇಲ್ಲಿಂದ ಈಶಾನ್ಯಕ್ಕೆ ಲೋಕಲ್ ಗಾಡಿಯಲ್ಲಿ ಹೋದರೆ ಸಿಕ್ಕುವ ಕಲ್ಯಾಣವನ್ನು, ಕ್ರಿ. ಶ. ಒಂದನೆಯ ಶತಮಾನದಲ್ಲಿ ರಚಿತವಾದ ಎರಿತ್ರಿಯ ಸಮುದ್ರದ ಪೆರಿಪ್ಲಸ್ ಎಂಬ ಗ್ರೀಕ್ ಕೃತಿ ಕಲ್ಲಿಯೇನ ಎಂಬ ಹೆಸರಿನಿಂದ ಉಲ್ಲೇಖಿಸುತ್ತದೆ. ಹಿಂದೆ ಹಿರಿಯ ಸರಗಾನನೆಂಬವನ ಕಾಲದಲ್ಲಿ ವಿಹಿತವಾದ ಬಂದರಾಗಿದ್ದ ಈ ಊರಿಗೆ ತನ್ನ ಕಾಲದಲ್ಲಿ ಯವನರ ಹಡಗು ಬಂದರೆ ಅದನ್ನು ಕಾವಲಿನಲ್ಲಿ ಭರುಕಚ್ಛಕ್ಕೆ ಕಳುಹಿಸುವರೆಂದು ಅದರ ಕರ್ತೃ ದೂರುತ್ತಾನೆ. ಆ ಕರ್ತೃವಿನ ಹೆಸರು ಕೃತಿಯಲ್ಲಿಲ್ಲ. ಒಂದೆಡೆ ಮರಗಳನ್ನು ಬಣ್ಣಿಸುವಾಗ, ನಮ್ಮ ಈಜಿಪ್ಟಿನಲ್ಲಿರುವಂಥವು ಎಂಬ ಅರ್ಥದ ಮಾತು ಅವನ ಬಾಯಿಂದ ಬಂದುಬಿಟ್ಟಿದೆ. ಅಷ್ಟರಿಂದಲೇ ಅವನು ಈಜಿಪ್ಟಿನಲ್ಲಿ ನೆಲಸಿದ್ದ ಗ್ರೀಕನೆಂದು ವಿದ್ವಾಂಸರು ತಿಳಿಯುತ್ತಾರೆ. ಒಂದು ಇಡಿಯ ಬಾಳು ಒಂದು ಸರ್ವನಾಮದ ಮೇಲೆ ನಿಂತಿರುವ ಬಗೆ ಇದು.

ಘಾಟ್ಕೋಪರಿನಿಂದ ನೇರ ಉತ್ತರಕ್ಕೆ, ಗುಡ್ಡದ ಕಾಡಿನ ನಡುವೆ, ಕಾನ್ಹೇರಿಯ ಬೌದ್ಧ ಗುಹೆಗಳಿವೆ. ಅಲ್ಲಿಯ ಶಕ 775 ಮತ್ತು 799ರ ಶಾಸನಗಳು ಶಿಲಾಹಾರ ಕಪರ್ದಿಯ ಕಾಲದವಾಗಿದ್ದು, ಅವನ ಒಡೆಯನಾದ ರಾಷ್ಟ್ರಕೂಟ ಅಮೋಘವರ್ಷನ ಹೆಸರನ್ನು ಮೊದಲು ಸ್ಮರಿಸುತ್ತವೆ. ಗೌಡದೇಶದಿಂದ ಬಂದ ಅವಿಘ್ನಾಕರನೆಂಬ ಉಪಾಸಕನ ದಾನವನ್ನು ಇವುಗಳಲ್ಲಿ ಒಂದು ದಾಖಲಿಸಿದೆ. ಕಪರ್ದಿಯ ತಂದೆ ಪುಲ್ಲಶಕ್ತಿಯ ಕಾಲದ ಶಾಸನವೊಂದರಲ್ಲಿ ಭಿಕ್ಷುಗಳ ಉಡಿಗೆಗೂ ವಿಹಾರದ ಜೀರ್ಣೋದ್ಧಾರಕ್ಕೂ ಕೊಟ್ಟ ಹಣದ ಜತೆಗೆ ಗ್ರಂಥಗಳಿಗಾಗಿ ಬೇರೆಯಾಗಿ ತೆಗೆದಿಟ್ಟ ಹಣದ ಮಾತೂ ಬರುತ್ತದೆ. ಈ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿಯೇ ಕನ್ನಡದ ಆದಿ ಲೇಖಕರ ಹೆಸರುಗಳನ್ನು ನಮಗೆ ಉಳಿಸಿಕೊಟ್ಟ ಕವಿರಾಜಮಾರ್ಗವು ಹುಟ್ಟಿತು. ಘಾಟ್ಕೋಪರಿನಿಂದ ದಕ್ಷಿಣಕ್ಕೆ ಹೆಚ್ಚುಕಡಮೆ ಅಷ್ಟೇ ದೂರದಲ್ಲಿ, ಕೊಲ್ಲಿಯ ನಡುವೆ, ಘಾರಾಪುರಿಯ ದ್ವೀಪವಿದೆ. ಚಾಳುಕ್ಯ ಎರಡನೆಯ ಪುಲಕೇಶಿ ಕೊಂಕಣದ ಮೌರ್ಯರನ್ನು ಗೆದ್ದು, ಮದ್ದಾನೆಗಳಂಥ ನೂರಾರು ನಾವೆಗಳಿಂದ ಮುತ್ತಿದ ಪುರಿಯೆಂಬ ನಗರವನ್ನು ರವಿಕೀರ್ತಿ ಪಶ್ಚಿಮಸಮುದ್ರದ ಲಕ್ಷ್ಮಿಯೆಂದು ವರ್ಣಿಸಿದ್ದಾನೆ. ಆ ಪುರಿ ಈ ಘಾರಾಪುರಿಯೇ ಎಂದು ಕೆಲವರೂ, ಜಂಜಿರದ ಬಳಿಯ ರಾಜಪುರಿಯೆಂದು ಮತ್ತೆ ಕೆಲವರೂ ಅಭಿಪ್ರಾಯಪಟ್ಟಿದ್ದಾರೆ. ಹೀಗೆ ಕನ್ನಡ ನಾಡಿನ ಚರಿತ್ರೆಯನ್ನು ಬರೆದವರ ದೃಷ್ಟಿ ಹರಿದ ನೆಲ, ಇಂದು ಕನ್ನಡಿಗರು ಹೊಟ್ಟೆಪಾಡಿಗಾಗಿ ಬಂದು ನೆಲಸಿರುವ ಈ ಉಪನಗರದ ಉತ್ತರ ದಕ್ಷಿಣಗಳೆರಡರಲ್ಲಿಯೂ ಹಬ್ಬಿದೆ.

ಕಲ್ಲಿನ ಮೇಲೆ ಬರೆದವರು

ಕನ್ನಡ ನಾಡಿನಲ್ಲಿ ಚರಿತ್ರೆಯ ಕಥನ ಮೊದಲು ಕಾಣಿಸಿಕೊಳ್ಳುವುದು ಶಾಸನಗಳ ಸಂಸ್ಕೃತ ಪದ್ಯಗಳಲ್ಲಿ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಕಂಬದ ಮೇಲೆ, ಕದಂಬ ಶಾಂತಿವರ್ಮನ ಕಾಲದಲ್ಲಿ, ಎಂದರೆ ಐದನೆಯ ಶತಮಾನದ ನಡುಗಾಲದ ಸುಮಾರಿಗೆ, ಕೆತ್ತಿದ ಕಾವ್ಯವು ಕದಂಬವಂಶದ ಮೂಲವನ್ನು ನಿರೂಪಿಸುತ್ತದೆ. ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಓದಲು ಹೋದ ಮಯೂರಶರ್ಮನು ಅಲ್ಲಿ ಪಲ್ಲವರ ಕುದುರೆಯಾಳಿನೊಡನೆ ಕಲಹಕ್ಕೆ ಸಿಲುಕಿ, ಬ್ರಾಹ್ಮಣ್ಯಕ್ಕೆ ಒದಗಿದ ಅವಮಾನವನ್ನು ಸೈರಿಸದೆ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ ವೃತ್ತಾಂತ ನಮಗೆ ದೊರೆತಿರುವುದು ಇದರಿಂದಲೇ. ಇದನ್ನು ರಚಿಸಿದವನು ಕುಬ್ಜ. ತನ್ನ ಈ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದೆನೆಂದು ಅವನು ಹೇಳಿಕೊಂಡಿದ್ದಾನೆ. ತಂದೆತಾಯಿಯರನ್ನಾಗಲಿ ಊರನ್ನಾಗಲಿ ಗುರುವನ್ನಾಗಲಿ ಹೇಳಿಕೊಂಡಿಲ್ಲ. ರಾಜವಂಶವೊಂದರ ಆರಂಭಕ್ಕೆ ಏಕೈಕ ವಿಸ್ತಾರ ಸಾಕ್ಷಿಯಾದವನ ವಿಷಯದಲ್ಲಿ ನಮಗೆ ಒಂದು ಹೆಸರೂ ಒಂದು ಕ್ರಿಯಾಪದವೂ ಮಾತ್ರ ಉಳಿದಿವೆ.

ಇವನಿಗಿಂತ ಈಚಿನವನೂ ಹೆಚ್ಚು ಪ್ರಸಿದ್ಧನೂ ಆದ ರವಿಕೀರ್ತಿಯ ಪ್ರಶಸ್ತಿ ಐಹೊಳೆಯ ಮೇಗುತಿ ಜಿನಾಲಯದಲ್ಲಿದೆ. ಊರಿನ ಮೇಲಿನ ಗುಡ್ಡವನ್ನೇರಿ ಆ ಜಿನಾಲಯದ ಗೋಡೆಯ ಮುಂದೆ ನಿಂತರೆ, 37 ಪದ್ಯಗಳು 19 ಸಾಲುಗಳಲ್ಲಿ ಒತ್ತಾಗಿ, ಓರಣವಾಗಿ ಹರಿದಿರುವುದು ಕಾಣುತ್ತದೆ. ಚಾಳುಕ್ಯ ಜಯಸಿಂಹನಿಂದ ಮೊದಲ್ಗೊಂಡು ಮಂಗಳೇಶನವರೆಗಿನ ಪೂರ್ವಿಕರು, ಚಿಕ್ಕಪ್ಪನಾದ ಮಂಗಳೇಶನಿಗೂ ಅಣ್ಣನ ಮಗನಾದ ಪುಲಕೇಶಿಗೂ ನಡೆದ ರಾಜ್ಯಕಲಹ, ಬನವಾಸಿಯ ಮುತ್ತಿಗೆ, ಗಂಗ ಆಳುಪರ ಶರಣಾಗತಿ, ಕೊಂಕಣದ ದಂಡಯಾತ್ರೆ, ಹರ್ಷವರ್ಧನನ ಪರಾಭವ, 99,000 ಗ್ರಾಮಗಳ ಮೂರು ಮಹಾರಾಷ್ಟ್ರಕಗಳು, ಕಂಚಿಯ ಪಲ್ಲವರು, ಕಾವೇರಿಯ ದಾಟು, ಇವೆಲ್ಲವೂ ಅನುಕ್ರಮವಾಗಿ ಬರುತ್ತವೆ. ಕೊನೆಗೆ ಕವಿ ಕಾಲವನ್ನು ಹೇಳುತ್ತಾನೆ. ಸಂಖ್ಯೆಯನ್ನು ಬಿಡಿಬಿಡಿಯಾಗಿ, ಮೂವತ್ತು, ಮೂರು ಸಾವಿರ, ಏಳು ನೂರು, ಐದು ಎಂದು ಪೇರಿಸಿ ಭಾರತಯುದ್ಧದಿಂದ 3735 ವರ್ಷ ಕಳೆಯಿತೆಂದೂ, ಮರುಪದ್ಯದಲ್ಲಿ ಐವತ್ತು, ಆರು, ಐದು ನೂರು ಎಂದು ಕೂಡಿಸಿ ಶಕರಾಜರ 556 ವರ್ಷ ಕಳೆಯಿತೆಂದೂ ತಿಳಿಸುತ್ತಾನೆ. ಎರಡು ಗಣನೆಗಳನ್ನು ಒಟ್ಟಿಗೆ ಇಟ್ಟಿರುವುದರಿಂದ ಕ್ರಿ. ಶ. 634-35 ಎಂಬ ಕಾಲ ಅಲುಗಾಡದಂತೆ ನಿಂತಿದೆ. ಅದೇ ಕೈಯಿಂದ ಅವನು ತನ್ನ ಕೀರ್ತಿಯನ್ನು ಕಾಳಿದಾಸ ಭಾರವಿಗಳ ಕೀರ್ತಿಗೆ ಸರಿಗಟ್ಟಿ ಹೇಳಿಕೊಂಡನು. ಆ ಒಂದು ಹೆಮ್ಮೆಯ ಮಾತೇ, ಕಾಳಿದಾಸನೂ ಭಾರವಿಯೂ 634ಕ್ಕೆ ಮುಂಚೆಯೇ ಪ್ರಸಿದ್ಧರಾಗಿದ್ದರೆಂಬುದಕ್ಕೆ ವರ್ಷ ಸಮೇತವಾದ ಸಾಕ್ಷ್ಯವಾಯಿತು. ರವಿಕೀರ್ತಿ ಜೈನನಾಗಿದ್ದನು, ಸತ್ಯಾಶ್ರಯ ಪುಲಕೇಶಿಯ ಪರಮಪ್ರಸಾದವನ್ನು ಪಡೆದಿದ್ದನು, ಆ ಜಿನಾಲಯವನ್ನು ಕಟ್ಟಿಸಿದನು. ಇಷ್ಟನ್ನು ಬಿಟ್ಟರೆ ಅವನ ಜೀವಿತ ಕತ್ತಲೆಯಲ್ಲಿದೆ.

ಮುಂಬಯಿಯಲ್ಲಿ 1872ರಲ್ಲಿ ಬರ್ಜೆಸ್ ಆರಂಭಿಸಿದ ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಫ್ಲೀಟ್ ಈ ಶಾಸನವನ್ನು ಪ್ರಕಟಿಸಿದನು; ತರುವಾಯ ಕೀಲ್‌ಹಾರ್ನ್ ಎಪಿಗ್ರಾಫಿಯ ಇಂಡಿಕದ ಆರನೆಯ ಸಂಪುಟದಲ್ಲಿ ಇದನ್ನು ಪರಿಷ್ಕರಿಸಿ ಕೊಟ್ಟನು.

ಕವಿರಾಜಮಾರ್ಗದ ಗದ್ಯಕಾರರು

ಗ್ರೀಸಿನ ಆದಿ ಚರಿತ್ರಕಾರರು ಮೊದಲ ಗದ್ಯಲೇಖಕರೂ ಆಗಿದ್ದರು. ಕನ್ನಡದ ಮೊದಲ ಗದ್ಯಲೇಖಕರ ಹೆಸರುಗಳು ಸುಮಾರು ಕ್ರಿ. ಶ. 850ರ ಕವಿರಾಜಮಾರ್ಗದಲ್ಲಿ ದೊರೆಯುತ್ತವೆ. ವಿಮಳ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದವರು ಗದ್ಯದಲ್ಲಿ ಹೆಸರಾದವರೆಂದೂ, ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ ಮೊದಲಾದವರು ಪದ್ಯದಲ್ಲಿ ಮಾನ್ಯರೆಂದೂ ಆ ಗ್ರಂಥ ಹೇಳುತ್ತದೆ. ಈ ಗದ್ಯಕಾರರು ಬರೆದುದು ಚರಿತ್ರೆಯೋ ಪುರಾಣವೋ ಶಾಸ್ತ್ರವೋ ಎಂದು ನಿರ್ಣಯಿಸಲು ಒಂದು ವಾಕ್ಯವೂ ಉಳಿದುಬಂದಿಲ್ಲ. ಹೆಸರುಗಳ ಎಣಿಕೆಯಲ್ಲಿಯೇ ಭಿನ್ನಾಭಿಪ್ರಾಯವಿದೆ: ಮೂಲದಲ್ಲಿ ಸಂಧಿಯಾಗಿ ನಿಂತಿರುವ ವಿಮಳೋದಯ ಎಂಬುದು ಇಬ್ಬರ ಹೆಸರೋ ಒಬ್ಬನದೋ? ಕವೀಶ್ವರ, ಪಂಡಿತ ಎಂಬವು ಅಂಕಿತನಾಮಗಳೋ ಪಕ್ಕದ ಹೆಸರಿಗೆ ಸೇರಿದ ವಿಶೇಷಣಗಳೋ? ಒಂದು ಸಂಧಿಯನ್ನು ಬಿಡಿಸುವ ಬಗೆಯ ಮೇಲೆ ಒಬ್ಬ ಗ್ರಂಥಕರ್ತನ ಇರವೇ ನಿಂತಿರುವುದು ಸಾಮಾನ್ಯದ ಮಾತಲ್ಲ.

ಇವರಲ್ಲಿ ದುರ್ವಿನೀತನೊಬ್ಬನಿಗೆ ಹೊರಗಿನ ಸಾಕ್ಷ್ಯ ದೊರೆತಿದೆ. ಗುಮ್ಮರೆಡ್ಡಿಪುರದ ತಾಮ್ರಪಟಗಳು ಗಂಗರ ದೊರೆ ದುರ್ವಿನೀತನು ಶಬ್ದಾವತಾರವನ್ನು ರಚಿಸಿದನೆಂದೂ, ವಡ್ಡಕಥೆಯನ್ನು ಸಂಸ್ಕೃತಕ್ಕೆ ತಂದನೆಂದೂ, ಕಿರಾತಾರ್ಜುನೀಯದ ಹದಿನೈದನೆಯ ಸರ್ಗಕ್ಕೆ ಟೀಕೆ ಬರೆದನೆಂದೂ ಹೇಳುತ್ತವೆ. ಆರನೆಯ ಶತಮಾನದ ಈ ಅರಸನೇ ಕವಿರಾಜಮಾರ್ಗದ ದುರ್ವಿನೀತನೆಂದು ಬಹುಮಂದಿ ವಿದ್ವಾಂಸರು ಒಪ್ಪಿದ್ದಾರೆ. ಹೆಸರು ಅಪರೂಪದ್ದಾಗಿರುವುದೂ ಆ ಹೆಸರಿನವನು ಲೇಖಕನಾಗಿರುವುದೂ ಇದಕ್ಕೆ ಬಲವಾದ ಕಾರಣಗಳು. ಆದರೂ ಇದು ಅನುಮಾನಪ್ರಮಾಣದ ಫಲವೆಂಬುದನ್ನು ಮರೆಯಲಾಗದು, ಏಕೆಂದರೆ ತಾಮ್ರಪಟದಲ್ಲಿ ಅವನ ಕನ್ನಡ ಗದ್ಯದ ಮಾತಿಲ್ಲ, ಕವಿರಾಜಮಾರ್ಗದಲ್ಲಿ ಅವನ ಅರಸುತನದ ಮಾತಿಲ್ಲ. ನಾಗಾರ್ಜುನನ ವಿಷಯದಲ್ಲಾದರೋ ಬೌದ್ಧದಾರ್ಶನಿಕ, ರಸಸಿದ್ಧ ಮೊದಲಾಗಿ ಆ ಹೆಸರಿನವರು ಹಲವರಿರುವುದರಿಂದ ಇಂಥ ಅನುಮಾನಕ್ಕೂ ಎಡೆಯಿಲ್ಲ.

ಪಟ್ಟಿಯನ್ನು ಕೊಟ್ಟ ಗ್ರಂಥದ ಕರ್ತೃವೂ ವಿವಾದದಿಂದ ಹೊರತಾಗಿಲ್ಲ. ಕೆ. ಬಿ. ಪಾಠಕರು 1898ರಲ್ಲಿ ಕವಿರಾಜಮಾರ್ಗವನ್ನು ಸಂಪಾದಿಸಿದಾಗ ಅದನ್ನು ನೃಪತುಂಗನದೆಂದೇ ತಿಳಿದರು. ಗ್ರಂಥದೊಳಗೆ ನೃಪತುಂಗನ ಅನುಮತದಂತೆ ಹೇಳಿದುದೆಂಬ ಅರ್ಥದ ಮಾತು ಮೇಲಿಂದ ಮೇಲೆ ಬರುವುದನ್ನೂ, ದುರ್ಗಸಿಂಹನು 1031ರ ಪಂಚತಂತ್ರದಲ್ಲಿ ಶ್ರೀವಿಜಯನ ಕವಿಮಾರ್ಗವನ್ನು ಹೊಗಳಿರುವುದನ್ನೂ ಕೂಡಿಸಿ ನೋಡಿದ ಈಚಿನವರು, ಆಸ್ಥಾನಕವಿಯಾದ ಶ್ರೀವಿಜಯನೇ ಕರ್ತೃವೆಂಬ ನಿಲವಿಗೆ ಬಂದಿದ್ದಾರೆ. ಆದರೆ ಅದೇ ಗ್ರಂಥದ ಪೂರ್ವಕವಿಗಳ ಪಟ್ಟಿಯಲ್ಲಿಯೂ ಒಬ್ಬ ಶ್ರೀವಿಜಯನಿದ್ದಾನೆ. ಅವನು ಬೇರೊಬ್ಬನೇ ಎಂಬ ಪ್ರಶ್ನೆ ಇದರಿಂದ ಹುಟ್ಟುತ್ತದೆ.

ಹೆಸರೊಂದು, ಗ್ರಂಥವೆರಡು

ಯವನರ ಫೆರೆಕೈಡೀಸನಿಗೆ ಸಮಾನವಾದ ತೊಡಕು ಕನ್ನಡದಲ್ಲಿ ಚೂಡಾಮಣಿಯ ಸುತ್ತ ಬೆಳೆದಿದೆ. ಇಂದ್ರನಂದಿಯ ಶ್ರುತಾವತಾರವು ತುಂಬುಳೂರಾಚಾರ್ಯನು 84,000 ಗ್ರಂಥಪ್ರಮಾಣದ ಚೂಡಾಮಣಿಯೆಂಬ ಕನ್ನಡ ವ್ಯಾಖ್ಯಾನವನ್ನು ಬರೆದನೆನ್ನುತ್ತದೆ. ಭಟ್ಟಾಕಳಂಕನು 1604ರ ಕರ್ಣಾಟಕ ಶಬ್ದಾನುಶಾಸನದಲ್ಲಿ ಕನ್ನಡದ ಶಾಸ್ತ್ರಸಂಪತ್ತಿಗೆ ನಿದರ್ಶನವಾಗಿ 96,000 ಗ್ರಂಥಪ್ರಮಾಣದ ಚೂಡಾಮಣಿಯನ್ನು ಎತ್ತಿಹೇಳುತ್ತಾನೆ. ಶ್ರವಣಬೆಳಗೊಳದ 1129ರ ಮಲ್ಲಿಷೇಣಪ್ರಶಸ್ತಿಯು ಶ್ರೀವರ್ಧದೇವನು ಚೂಡಾಮಣಿಯೆಂಬ ಕಾವ್ಯವನ್ನು ಬರೆದನೆಂದೂ ದಂಡಿ ಅವನನ್ನು ಕೊಂಡಾಡಿದನೆಂದೂ ತಿಳಿಸುತ್ತದೆ. ಕಾವ್ಯವೊಂದು, ವ್ಯಾಖ್ಯಾನವೊಂದು; ಸಂಖ್ಯೆಯೂ ಬೇರೆ, ಕರ್ತೃವಿನ ಹೆಸರೂ ಬೇರೆ. ಹೆಸರಿನ ಸಾಮ್ಯದಿಂದಲೇ ಇವೆರಡನ್ನೂ ಒಂದಾಗಿಸಿ ಬರೆದ ಚರಿತ್ರೆಗಳು ಓದುಗರನ್ನು ದಾರಿತಪ್ಪಿಸಿವೆ.

ಗ್ರಂಥವು ಉಳಿದೂ ಕರ್ತೃ ನಿಶ್ಚಿತನಾಗದಿರುವುದಕ್ಕೆ ವಡ್ಡಾರಾಧನೆ ನಿದರ್ಶನ. ಡಿ. ಎಲ್. ನರಸಿಂಹಾಚಾರ್ಯರು 1949ರಲ್ಲಿ ಶಾಸ್ತ್ರೀಯವಾಗಿ ಸಂಪಾದಿಸಿದ ಈ 19 ಕಥೆಗಳ ಗದ್ಯಕೃತಿಯಲ್ಲಿ ಭದ್ರಬಾಹು ಭಟಾರರ ಕಥೆಯೂ ಚಾಣಕ್ಯರಿಸಿಯ ಕಥೆಯೂ ಸೇರಿ, ಮೌರ್ಯರ ಕಾಲವನ್ನು ಕುರಿತ ಜೈನ ಐತಿಹ್ಯ ಕನ್ನಡ ಗದ್ಯದಲ್ಲಿ ಮೈದೋರಿದೆ. ಇದನ್ನು ಶಿವಕೋಟ್ಯಾಚಾರ್ಯನದೆಂದು ಹೇಳುವ ಸಂಪ್ರದಾಯವಿದ್ದರೂ, ಆ ಹೆಸರು ಕಥಾಮೂಲವಾದ ಆರಾಧನೆಯ ಕರ್ತೃವಿಗೆ ಸಂಬಂಧಿಸಿದುದೆಂಬ ಆಕ್ಷೇಪ ಬಂದು, ಭ್ರಾಜಿಷ್ಣು ಎಂಬ ಬೇರೆ ಹೆಸರು ಮುಂದೆ ಬಂದಿದೆ.

ಉದ್ಧರಣೆಗಳಲ್ಲಿ ಮಾತ್ರ ಬದುಕಿರುವವನು ಒಂದನೆಯ ಗುಣವರ್ಮ. ಗಂಗರ ಎರೆಯಪ್ಪನನ್ನು ಶೂದ್ರಕನಿಗೆ ಹೋಲಿಸಿ ಬರೆದ ಅವನ ಶೂದ್ರಕವು, ಆಶ್ರಯದಾತನ ಚರಿತ್ರೆಯನ್ನು ಪ್ರಾಚೀನ ನಾಯಕನ ಕಥೆಯೊಳಗೆ ಹೆಣೆಯುವ ಕನ್ನಡದ ರೂಢಿಗೆ ಪಂಪನಿಗಿಂತಲೂ ಹಳೆಯ ಮಾದರಿಯಾಗಿತ್ತು. ಮಲ್ಲಿಕಾರ್ಜುನನು ಸೂಕ್ತಿಸುಧಾರ್ಣವದಲ್ಲಿ ಆಯ್ದಿಟ್ಟ ಪದ್ಯಗಳಿಂದ ಅದರ ಸೊಗಸನ್ನು ಊಹಿಸಬಹುದು. ಆ ಮಲ್ಲಿಕಾರ್ಜುನನ ಮಗ ಕೇಶಿರಾಜನು ಶಬ್ದಮಣಿದರ್ಪಣದ ಮೊದಲಲ್ಲಿ ಸ್ಮರಿಸಿದ ಗಜಗ, ಗುಣನಂದಿ, ಮನಸಿಜ, ಚಂದ್ರಭಟ್ಟರ ಕೃತಿಗಳಾದರೋ ಒಂದೂ ಉಳಿದಿಲ್ಲ.

ಸಾಕ್ಷ್ಯವನ್ನು ತೂಗುವ ಬಗೆ

ಕೃತಿಯೊಳಗಿನ ಮಾತು, ಸಮಕಾಲೀನ ಶಾಸನ, ಈಚಿನ ಲೇಖಕರ ಸ್ಮರಣೆ, ಗುರುಪರಂಪರೆ, ಐತಿಹ್ಯ, ಈ ಐದು ಬಗೆಯ ಸಾಕ್ಷ್ಯಗಳಿಗೆ ಒಂದೇ ತೂಕವಿಲ್ಲ. ಕವಿ ಅಸಗನ ಕಾಲನಿರ್ಣಯದಲ್ಲಿ ಇವು ಒಂದನ್ನೊಂದು ತಿದ್ದುವ ರೀತಿಯನ್ನು ನೋಡಬಹುದು. ತನ್ನ ಸಂಸ್ಕೃತ ವರ್ಧಮಾನಚರಿತವನ್ನು ಅವನು 910ನೆಯ ಸಂವತ್ಸರದಲ್ಲಿ ಮುಗಿಸಿದೆನೆನ್ನುತ್ತಾನೆ. ಯಾವ ಶಕವೆಂದು ಹೇಳಿಲ್ಲ. ಶಾಲಿವಾಹನಶಕವಾದರೆ ಕ್ರಿ. ಶ. 988 ಆಗುತ್ತದೆ, ವಿಕ್ರಮಶಕವಾದರೆ 853. ರಾಷ್ಟ್ರಕೂಟ ಮೂರನೆಯ ಕೃಷ್ಣನ ಆಸ್ಥಾನದಲ್ಲಿದ್ದ ಪೊನ್ನನು ಕನ್ನಡ ಕವಿತೆಯಲ್ಲಿ ತಾನು ಅಸಗನಿಗೆ ಮಿಗಿಲೆಂದು ಹೇಳಿಕೊಂಡಿದ್ದಾನೆ. ಕೃಷ್ಣನ ಆಳ್ವಿಕೆ 967ಕ್ಕೆ ಮುಗಿಯಿತು. ಅಲ್ಲಿಗೆ 988 ಬಿದ್ದುಹೋಗಿ 853 ನಿಲ್ಲುತ್ತದೆ. ಅಸಗನ ಕನ್ನಡ ಕಾವ್ಯ ನಷ್ಟವಾಗಿದ್ದರೂ, ಅವನನ್ನು ಮೀರಿಸಿದೆನೆಂದು ಬೀಗಿದ ಸ್ಪರ್ಧಿಯ ಮಾತೇ ಅವನ ಕಾಲವನ್ನು ಕಾಪಾಡಿತು.

ಒಂದೇ ಒಂದು ಶಾಸನದಿಂದ ಮರೆಯಾಗಿದ್ದ ಬಾಳು ಬೆಳಗಿಗೆ ಬರುವುದೂ ಉಂಟು. ಪಂಪನು ತನ್ನ ಕಾವ್ಯಗಳಲ್ಲಿ ವಂಶದ ವಿಚಾರವನ್ನು ಹೇಳಿದ್ದರೂ ತಾಯಿಯ ಹೆಸರಾಗಲಿ ತಮ್ಮನ ಹೆಸರಾಗಲಿ ಅಲ್ಲಿ ಇರಲಿಲ್ಲ. ತೆಲಂಗಾಣದ ಕರೀಂನಗರ ಪ್ರದೇಶದಲ್ಲಿ, ಗಂಗಾಧರದ ಬಳಿಯ ಕುರ್ಕ್ಯಾಲದ ಬಂಡೆಯ ಮೇಲೆ, ಸಂಸ್ಕೃತ ಕನ್ನಡ ತೆಲುಗು ಮೂರೂ ಭಾಷೆಗಳಲ್ಲಿ ಅವನ ತಮ್ಮ ಜಿನವಲ್ಲಭನು ಬರೆಯಿಸಿದ ಶಾಸನ ದೊರೆತಾಗ, ತಂದೆ ಭೀಮಪಯ್ಯ, ತಾಯಿ ಅಬ್ಬಣಬ್ಬೆ, ತಾಯಿಯ ತವರಿನ ಕಡೆಯ ಅಣ್ಣಿಗೇರಿ, ಆಶ್ರಯದಾತ ಅರಿಕೇಸರಿ ಕೊಟ್ಟ ಧರ್ಮಪುರದ ಅಗ್ರಹಾರ, ಎಲ್ಲವೂ ಒಂದೆಡೆ ಸ್ಪಷ್ಟವಾದವು. ಒಡಹುಟ್ಟಿದವನ ಅಕ್ಕರೆ ಆದಿಕವಿಯ ಮನೆಯ ಬಾಗಿಲನ್ನು ಸಾವಿರ ವರ್ಷಗಳ ತರುವಾಯ ತೆರೆಯಿತು. ಕುಬ್ಜನಿಗಾಗಲಿ ಜಯಬಂಧುವಿಗಾಗಲಿ ಇಂಥ ತಮ್ಮನೊಬ್ಬನು ಯಾವ ಬಂಡೆಯ ಮೇಲಾದರೂ ಬರೆದಿಟ್ಟಿರಬಹುದೆಂಬ ಆಸೆಯನ್ನು ಸಂಶೋಧಕನು ಬಿಡತಕ್ಕದ್ದಲ್ಲ.

ಸಂಗ್ರಾಹಕರು

ಚದರಿದ ಹೆಸರುಗಳನ್ನು ಒಟ್ಟುಗೂಡಿಸಿದವರ ಶ್ರಮವನ್ನು ಹೇಳದೆ ಈ ವಿಷಯ ಪೂರ್ಣವಾಗದು. ಕನಕಗಿರಿಯೆನಿಸಿದ ಮಲೆಯೂರಿನ ಜೈನವಿದ್ವಾಂಸ ದೇವಚಂದ್ರನು 1804ರಲ್ಲಿ ಕರ್ನಲ್ ಮೆಕೆಂಜಿಯನ್ನು ಕಂಡು ಸ್ಥಳವೃತ್ತಾಂತಗಳನ್ನು ತಿಳಿಸಿದ ಮೇಲೆ, ತಾನೇ ಸಾಮಗ್ರಿಯನ್ನು ಕೂಡಿಸುತ್ತ ಬಂದು, ಮೈಸೂರಿನ ಅರಮನೆಯ ದೇವೀರಮ್ಮಣ್ಣಿಯವರ ಅಪೇಕ್ಷೆಯಂತೆ 1838ರ ಸುಮಾರಿಗೆ ರಾಜಾವಳೀಕಥೆಯನ್ನು ರಚಿಸಿದನು. ಅದರಲ್ಲಿ ಕಾಲಕ್ರಮ ಎಷ್ಟೋ ಕಡೆ ತಪ್ಪಿದ್ದರೂ, ಬೇರೆಲ್ಲಿಯೂ ಉಳಿಯದ ಜೈನ ಐತಿಹ್ಯಗಳ ಭಂಡಾರವಾಗಿ ಅದು ನಿಂತಿದೆ. ಯವನರಿಗೆ ಸುಡಾ ಹೇಗೋ ನಮಗೆ ಇದು ಹಾಗೆ. ರೈಸರ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳು ಶಾಸನಗಳನ್ನು ಎಲ್ಲರ ಕೈಗೆ ತಲುಪಿಸಿದವು. ಆರ್. ನರಸಿಂಹಾಚಾರ್ಯರು 1907, 1919, 1929ರಲ್ಲಿ ಮೂರು ಸಂಪುಟಗಳಾಗಿ ಹೊರತಂದ ಕರ್ಣಾಟಕ ಕವಿಚರಿತೆ, ಕೃತಿ ಸಿಕ್ಕಿದವರ ಜತೆಗೆ ಹೆಸರು ಮಾತ್ರ ಸಿಕ್ಕಿದವರಿಗೂ ಒಂದೊಂದು ಎಡೆಯನ್ನು ಕೊಟ್ಟಿತು. ಅವರ ಸಮಕಾಲೀನನಾದ ಯಾಕೋಬಿ 1923ರಿಂದ ಗ್ರೀಕ್ ಚರಿತ್ರಕಾರರ ತುಣುಕುಗಳನ್ನು ಸಂಪುಟ ಸಂಪುಟವಾಗಿ ಪ್ರಕಟಿಸತೊಡಗಿ, 1939ರಲ್ಲಿ ಜರ್ಮನಿಯನ್ನು ಬಿಟ್ಟು ಆಕ್ಸ್‌ಫರ್ಡಿಗೆ ಬಂದು ಅಲ್ಲಿಯೂ ಅದೇ ಕಾರ್ಯವನ್ನು ಮುಂದುವರಿಸಿದನು. ಮೊದಲು ಸಾಕ್ಷಿಗಳ ಮಾತು, ಆಮೇಲೆ ತುಣುಕುಗಳು, ಬೇರೆಯಾಗಿ ತನ್ನ ವ್ಯಾಖ್ಯಾನ, ಹೀಗೆ ಅವನು ವಿಂಗಡಿಸಿಟ್ಟ ಕ್ರಮವು ನಮ್ಮವರಿಗೂ ಮೇಲ್ಪಂಕ್ತಿಯಾಗತಕ್ಕದ್ದು.

ಈ ಎರಡು ನಾಡುಗಳ ವಿದ್ವತ್ತು ಒಂದೆಡೆ ಮುಖಾಮುಖಿಯಾದುದನ್ನೂ ಇಲ್ಲಿ ನೆನೆಯಬೇಕು. ಈಜಿಪ್ಟಿನ ಆಕ್ಸಿರಿಂಕಸಿನಲ್ಲಿ ಸಿಕ್ಕಿ 1903ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನವೊಂದರಲ್ಲಿ ಬರುವ ಪರಭಾಷೆಯ ಮಾತುಗಳು ಕನ್ನಡವೆಂದು ಮರುವರ್ಷ ಶಾಸನತಜ್ಞ ಹುಲ್ಟ್ಸ್ ಸೂಚಿಸಿದನು. ಮಂಜೇಶ್ವರದ ಗೋವಿಂದ ಪೈಗಳು ಈ ವಿಷಯವನ್ನು ಶ್ರದ್ಧೆಯಿಂದ ಬೆಳೆಸಿದರು. ಒಪ್ಪದವರೂ ಇದ್ದಾರೆ. ಆ ಪ್ರಹಸನವನ್ನು ಬರೆದವನೂ ಅಜ್ಞಾತನೇ.

ಮೌಲ್ಯ

ಆದಿ ಚರಿತ್ರಕಾರರ ಜೀವಿತವನ್ನು ಬರೆಯುವವನಿಗೆ ಎರಡು ಆಮಿಷಗಳಿವೆ: ಬರಿದಾದ ಎಡೆಯನ್ನು ಕಲ್ಪನೆಯಿಂದ ತುಂಬುವುದು ಒಂದು, ಗ್ರಂಥ ಸಿಕ್ಕದವನನ್ನು ಇಲ್ಲವೇ ಇಲ್ಲವೆಂದು ಅಳಿಸಿಹಾಕುವುದು ಇನ್ನೊಂದು. ಕರ್ತೃವಿನ ಹೆಸರಿನ ಪಕ್ಕದಲ್ಲಿ ಆ ಹೆಸರನ್ನು ಯಾರು ಹೇಳಿದರು, ಎಷ್ಟು ಕಾಲದ ಮೇಲೆ ಹೇಳಿದರು, ಏತಕ್ಕಾಗಿ ಹೇಳಿದರು ಎಂಬುದನ್ನು ತಪ್ಪದೆ ಬರೆದರೆ ಎರಡರಿಂದಲೂ ಪಾರಾಗಬಹುದು. ಡಯೋನಿಸಿಯಸ್ ಹೇಳದಿದ್ದರೆ ಯೂಜಿಯೋನನು ನಮ್ಮ ಪಾಲಿಗೆ ಬಹುಮಟ್ಟಿಗೆ ಇಲ್ಲದವನಾಗುತ್ತಿದ್ದನು. ಕವಿರಾಜಮಾರ್ಗ ಹೇಳದಿದ್ದರೆ ಜಯಬಂಧು ಇಲ್ಲದವನಾಗುತ್ತಿದ್ದನು. ಹಿಂದಿನವರ ಹೆಸರು ಹೇಳಿ ತನ್ನ ಕಾರ್ಯವನ್ನು ಆರಂಭಿಸಬೇಕೆಂಬ ಕವಿಸಮಯದ ಸೌಜನ್ಯವೇ ನಮ್ಮ ಸಾಹಿತ್ಯಚರಿತ್ರೆಯ ಮೊದಲ ಆಧಾರಗ್ರಂಥವಾಯಿತು. ಮೇಗುತಿಯ ಗೋಡೆಯ ಮೇಲೆ ರವಿಕೀರ್ತಿ ತನ್ನ ತಂದೆಯ ಹೆಸರಿಗೆ ಎಡೆ ಮಾಡಿಕೊಳ್ಳಲಿಲ್ಲ. ವರ್ಷವನ್ನು ಮಾತ್ರ ಎರಡು ಬಾರಿ ಎಣಿಸಿ ಕೆತ್ತಿಸಿದನು. ಕಾಳಿದಾಸನ ಕಾಲವನ್ನು ಅರಸುವವರು ಇಂದಿಗೂ ಆ ಎಣಿಕೆಯ ಮುಂದೆ ಬಂದು ನಿಲ್ಲುತ್ತಾರೆ.